ಹಳಿಯ ಮೇಲಿನ ಕೈಗಳು

ನನ್ನ ಹಳೆಯ ಆಲ್ಬಮ್ಮಿನಲ್ಲಿ ಅಂಗೈಯಗಲದ ಒಂದು ಕಪ್ಪು-ಬಿಳುಪು ಚಿತ್ರವಿದೆ. 1979ರ ಬೇಸಗೆಯಲ್ಲಿ, ನಾನು ಬಿ.ಎ. ತರಗತಿಯಲ್ಲಿದ್ದಾಗ, ಸೋದರಮಾವನಿಂದ ಕಾಡಿ ಬೇಡಿ ತಂದ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದದ್ದು. ಅರಸೀಕೆರೆಯಿಂದ ಸ್ವಲ್ಪ ದೂರದಲ್ಲಿ, ಆಗಿನ್ನೂ ಮೀಟರ್ ಗೇಜ್ ಆಗಿದ್ದ ದಾರಿಯ ಮೇಲೆ, ಒಂಬತ್ತು ಮಂದಿ ಗ್ಯಾಂಗ್‌ಮನ್‌ಗಳು ಸಾಲಾಗಿ ನಿಂತಿದ್ದಾರೆ. ಕೆಲವರ ಕೈಯಲ್ಲಿ ಸ್ಲೀಪರಿನ ಅಡಿಗೆ ಜಲ್ಲಿ ಗಿಡಿಯುವ ಬೀಟರು, ಇಬ್ಬರ ಕೈಯಲ್ಲಿ ಹಳಿ ಮೀಟುವ ಹಾರೆ, ಒಬ್ಬನ ಕೈಯಲ್ಲಿ ಬಾಂಡ್ಲಿ. ಅಂಚಿನಲ್ಲಿ ಸುತ್ತಿದ ಬಾವುಟ ಹಿಡಿದ ಮೇಟ್. ನಾನು ಅವರನ್ನು ಕೆಲಸ ನಿಲ್ಲಿಸಿ ನಿಲ್ಲುವಂತೆ ಕೇಳಿಕೊಂಡಾಗ ಆತ, "ಬೇಗ ತೆಗಿಯಪ್ಪಾ, ಗಾಡಿ ಬರೋ ಹೊತ್ತಾಯ್ತು" ಎಂದಿದ್ದ. ಚಿತ್ರದ ಹಿಂಬದಿಯಲ್ಲಿ ಶಾಯಿಯಿಂದ ನಾನು ಬರೆದಿಟ್ಟಿರುವುದು ಇಷ್ಟು: ಊರು, ವರ್ಷ, "ಒಳ್ಳೆಯ ಬಿಸಿಲು, ಆರನೆಯ ಚಿತ್ರ". ಆ ಒಂಬತ್ತು ಜನರಲ್ಲಿ ಒಬ್ಬನ ಹೆಸರನ್ನೂ ನಾನು ಕೇಳಲಿಲ್ಲ.

ಈ ಲೋಪ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಅಮೆರಿಕದ ಅಂತರ್ಯುದ್ಧದ ಕಾಲದ ಕೆಲವು ರೈಲ್ವೆ ಚಿತ್ರಗಳನ್ನು ಒಂದು ಗ್ರಂಥಾಲಯದಲ್ಲಿ ಕುಳಿತು ನೋಡುತ್ತಿದ್ದಾಗ. ಕೇಳುಗ ಮಿತ್ರರೆ, ಹಳಿ ಹಾಕುವವರನ್ನೂ ಹಳಿ ಕಾಯುವವರನ್ನೂ ಅವರ ಸಲಕರಣೆಗಳ ಸಮೇತ ಕ್ರಮಬದ್ಧವಾಗಿ ಚಿತ್ರಿಸಿದ ಮೊದಲಿಗರಲ್ಲಿ ಒಬ್ಬನಾದ ಆಂಡ್ರೂ ಜೆ. ರಸೆಲ್ ಎಂಬಾತನ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ರಸೆಲ್ ಮೂಲತಃ ಬಣ್ಣಗಾರ, ಭೂದೃಶ್ಯಗಳನ್ನು ಬರೆಯುತ್ತಿದ್ದವನು. ನ್ಯೂಯಾರ್ಕ್ ರಾಜ್ಯದ ದಳವೊಂದರಲ್ಲಿ ಕ್ಯಾಪ್ಟನ್ ಆಗಿ ಉತ್ತರದ ಸೈನ್ಯ ಸೇರಿದ. 1863ರ ಆರಂಭದಲ್ಲಿ ಅವನನ್ನು ಸೇನೆಯ ರೈಲ್ವೆ ವಿಭಾಗಕ್ಕೆ ಛಾಯಾಗ್ರಾಹಕನನ್ನಾಗಿ ನಿಯೋಜಿಸಿದರು. ಆ ವಿಭಾಗದ ಕೆಲಸದ ಹೊಣೆ ಹರ್ಮನ್ ಹಾಪ್ಟ್ ಎಂಬ ಎಂಜಿನಿಯರನದು. ಸೇತುವೆಗಳ ಶಾಸ್ತ್ರವನ್ನು ಕುರಿತು ಗ್ರಂಥ ಬರೆದಿದ್ದ ಈತ ಮಾತಿಗಿಂತ ಕೆಲಸಕ್ಕೆ ಹೆಸರಾದ ಮನುಷ್ಯ. 1862ರ ಮೇ ತಿಂಗಳಲ್ಲಿ ವರ್ಜೀನಿಯದ ಪೊಟೋಮ್ಯಾಕ್ ಕ್ರೀಕ್ ಎಂಬ ಕಣಿವೆಗೆ, ಸುಮಾರು 400 ಅಡಿ ಉದ್ದ, 80 ಅಡಿ ಎತ್ತರದ ಮರದ ಸೇತುವೆಯನ್ನು, ಸುತ್ತಲಿನ ಕಾಡಿನಿಂದ ಕಡಿದ ಹಸಿ ಮರಗಳಿಂದಲೇ, ರೈಲ್ವೆ ಕೆಲಸ ಅರಿಯದ ಸೈನಿಕರ ಕೈಯಿಂದ ಒಂಬತ್ತು ದಿನಗಳ ದುಡಿಮೆಯಲ್ಲಿ ಕಟ್ಟಿಸಿದ. ಅದನ್ನು ನೋಡಿ ಬಂದ ಅಧ್ಯಕ್ಷ ಲಿಂಕನ್, ಅವರೆ ಚಪ್ಪರದ ಗಳುವೂ ಜೋಳದ ದಂಟೂ ಹೊರತು ಅದರಲ್ಲಿ ಬೇರೇನೂ ಇಲ್ಲ, ಆದರೂ ಅದರ ಮೇಲೆ ರೈಲು ಓಡುತ್ತಿದೆ ಎಂಬರ್ಥದಲ್ಲಿ ಬೆರಗುಪಟ್ಟನಂತೆ.

ಆ ಯುದ್ಧ ರೈಲು ಹಳಿಗಳ ಯುದ್ಧವೂ ಆಗಿತ್ತು. ದಂಡಿಗೆ ಬೇಕಾದ ಹಿಟ್ಟು, ಮದ್ದು, ಕುದುರೆಯ ಮೇವು, ಗಾಯಾಳುಗಳು ಎಲ್ಲವೂ ಸಾಗಬೇಕಾದದ್ದು ಒಂದೇ ಜೋಡಿ ಕಬ್ಬಿಣದ ಮೇಲೆ. ಆದುದರಿಂದ ವೈರಿಯ ಹಳಿಯನ್ನು ಕೀಳುವುದು, ಕಿತ್ತುಹೋದ ತನ್ನ ಹಳಿಯನ್ನು ಮತ್ತೆ ಕೂರಿಸುವುದು ಇವೆರಡೂ ಯುದ್ಧವಿದ್ಯೆಯ ಭಾಗಗಳಾದವು. ಹಳಿ ಕೆಡಿಸುವ ಹಳೆಯ ರೀತಿ ಸರಳವಾದದ್ದು: ಸ್ಲೀಪರುಗಳನ್ನು ಕಿತ್ತು ರಾಶಿ ಹಾಕುವುದು, ಅದರ ಮೇಲೆ ಹಳಿಗಳನ್ನು ಅಡ್ಡಲಾಗಿ ಇಡುವುದು, ಬೆಂಕಿ ಕೊಡುವುದು. ನಡುವೆ ಕಾಯ್ದ ಹಳಿ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆದರೆ ಬಾಗಿದ್ದನ್ನು ನೆಟ್ಟಗೆ ಮಾಡಬಹುದೆಂದು ಹಾಪ್ಟನ ಜನರೇ ಮಾಡಿ ತೋರಿಸಿದರು. ಹಾಗಾದರೆ ವೈರಿಯೂ ಅದನ್ನು ಮಾಡಬಲ್ಲನಲ್ಲ! ಆಗ ಹಾಪ್ಟನ ಸಹಾಯಕನಾದ ಸ್ಮೀಡ್ ಎಂಬವನು ಕುದುರೆಯ ಲಾಳದಾಕಾರದ ಒಂದು ಕಬ್ಬಿಣದ ಕೊಂಡಿಯನ್ನು ಹೂಡಿದ. ಅದನ್ನು ಹಳಿಗೆ ಸಿಕ್ಕಿಸಿ, ಅದರೊಳಗೆ ಸನ್ನೆಗೋಲು ತೂರಿಸಿ ಎಳೆದರೆ ಹಳಿ ಸ್ಲೀಪರಿನಿಂದ ಕಿತ್ತು ಬರುವುದಲ್ಲದೆ ಹಗ್ಗದಂತೆ ಹುರಿಗೊಳ್ಳುತ್ತಿತ್ತು. ಬಾಗಿದ ಹಳಿಯನ್ನು ದಾರಿಯ ಬದಿಯಲ್ಲೇ ತಿದ್ದಬಹುದು; ಹುರಿಗೊಂಡದ್ದನ್ನು ಕಾರ್ಖಾನೆಗೆ ಒಯ್ದು ಮತ್ತೆ ಕಾಯಿಸಿ ರೂಪಿಸದೆ ಗತಿಯಿಲ್ಲ. ಸವಾರನೊಬ್ಬ ಕುದುರೆಯ ಮೇಲೆ ಒಯ್ಯಬಹುದಾದಷ್ಟು ಸಣ್ಣ ಉಪಕರಣ, ಮೈಲಿಗಟ್ಟಲೆ ದಾರಿಯನ್ನು ನಿಷ್ಪ್ರಯೋಜಕ ಮಾಡಬಲ್ಲದು.

ಈ ವಿದ್ಯೆಯನ್ನು ದೂರದೂರದ ದಂಡುಗಳ ಅಧಿಕಾರಿಗಳಿಗೆ ಕಲಿಸುವುದು ಹೇಗೆ? ಹಾಪ್ಟ್ ಛಾಯಾಚಿತ್ರವನ್ನು ಆಶ್ರಯಿಸಿದ. ವಾಷಿಂಗ್ಟನ್ ಸಮೀಪದ ಅಲೆಕ್ಸಾಂಡ್ರಿಯದಲ್ಲಿ ಹಳಿ ಕೀಳುವ, ತಿರುಚುವ, ನೇರ್ಪಡಿಸುವ ಪ್ರಯೋಗಗಳನ್ನು ನಡೆಸಿ, ಒಂದೊಂದು ಹಂತವನ್ನೂ ರಸೆಲ್‌ನಿಂದ ಚಿತ್ರ ತೆಗೆಸಿ, ವಿವರಣೆಯ ಪುಸ್ತಕವೊಂದನ್ನು 1863ರಲ್ಲಿ ಅಚ್ಚು ಹಾಕಿಸಿ, ಚಿತ್ರಗಳನ್ನು ಸೇನಾಧಿಕಾರಿಗಳಿಗೆ ಹಂಚಿದ. ಈ ಚಿತ್ರಗಳಲ್ಲಿ ವೀರರಿಲ್ಲ. ಸನ್ನೆಗೋಲುಗಳಿವೆ, ಕೊಂಡಿಗಳಿವೆ, ಸೇತುವೆಯ ತೊಲೆಗಳಿವೆ, ಹೊಳೆ ದಾಟುವ ಪುಟ್ಟ ತೇಲುದೋಣಿಗಳಿವೆ. ಒಂದರಲ್ಲಂತೂ ಜನರಲ್ ಹಾಪ್ಟನೇ ಅಂಥ ಜೋಡಿ ತೇಲುಗಳ ಮೇಲೆ ಕುಳಿತು ಹುಟ್ಟು ಹಾಕುತ್ತಿದ್ದಾನೆ. ಜನರಲ್ಲುಗಳು ಎದೆಯೊಳಗೆ ಕೈಯಿಟ್ಟು ಚಿತ್ರ ತೆಗೆಸಿಕೊಳ್ಳುತ್ತಿದ್ದ ಆ ಕಾಲದಲ್ಲಿ ಈತನೊಬ್ಬ ಉಪಕರಣವನ್ನು ಬಳಸಿ ತೋರಿಸಲು ಕುಳಿತದ್ದು ನನಗೆ ಮೆಚ್ಚಿಕೆಯಾಯಿತು.

ಆಗಿನ ಛಾಯಾಗ್ರಹಣದ ಕಷ್ಟವನ್ನು ಇಲ್ಲಿ ನೆನೆಯಬೇಕು. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟು ದ್ರವ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಆರುವ ಮೊದಲೇ ಚಿತ್ರ ತೆಗೆದು, ಆರುವ ಮೊದಲೇ ತೊಳೆಯಬೇಕು. ಎಲ್ಲವೂ ಕೆಲವೇ ನಿಮಿಷಗಳ ಆಟ. ಕತ್ತಲ ಕೋಣೆಯೂ ಬಂಡಿಯ ಮೇಲೆ ಜೊತೆಯಲ್ಲೇ ಬರಬೇಕು. ಅದಕ್ಕಿಂತ ಮುಖ್ಯವಾದದ್ದು, ಬೆಳಕು ಗಾಜಿನ ಮೇಲೆ ಬೀಳಬೇಕಾದ ಅವಧಿ ಸೆಕೆಂಡುಗಳಷ್ಟು ದೀರ್ಘ. ಅಲುಗಿದವನು ಮಸುಕಾದ. ಎತ್ತಿದ ಸುತ್ತಿಗೆ ಇಳಿಯುವಂತಿಲ್ಲ, ಒತ್ತಿದ ಸನ್ನೆಗೋಲು ಮೇಲೇಳುವಂತಿಲ್ಲ. ಹಾಗಾಗಿ ರಸೆಲ್‌ನ ದುಡಿಮೆಯ ಚಿತ್ರಗಳೆಲ್ಲ ವಾಸ್ತವವಾಗಿ ದುಡಿಮೆ ನಿಂತ ಗಳಿಗೆಯ ಚಿತ್ರಗಳು. ಹಳಿಯ ಭಾರ ತೋಳಿನ ಮೇಲಿದ್ದಂತೆಯೇ ಉಸಿರು ಬಿಗಿಹಿಡಿದು ನಿಂತವರು ಅವರು.

ಅವರು ಯಾರು? ಬಹುಮಟ್ಟಿಗೆ ಕರಿಯ ಜನ. ದಕ್ಷಿಣದ ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರದ ಸೇನೆಯ ಆಶ್ರಯಕ್ಕೆ ಬಂದವರು. ಸರ್ಕಾರದ ಭಾಷೆಯಲ್ಲಿ ಅವರಿಗೆ ಸಿಕ್ಕ ಹೆಸರು 'ಯುದ್ಧದಲ್ಲಿ ವಶಪಡಿಸಿಕೊಂಡ ಮಾಲು' ಎಂಬರ್ಥದ್ದು. ಹಾಪ್ಟನಿಗೆ ಅವರ ದುಡಿಮೆ ಬೇಕಿತ್ತು, ರಸೆಲ್‌ಗೆ ಉಪಕರಣದ ಅಳತೆ ತೋರಿಸಲು ಪಕ್ಕದಲ್ಲೊಂದು ಮನುಷ್ಯಾಕೃತಿ ಬೇಕಿತ್ತು. ಅವರ ಮುಖವನ್ನು ಉಳಿಸಬೇಕೆಂದು ಯಾರೂ ಸಂಕಲ್ಪ ಮಾಡಲಿಲ್ಲ. ಆದರೂ ಉಳಿಯಿತು. ಒಂದು ಚಿತ್ರದಲ್ಲಿ ಸಾಲಾಗಿ ಹಾರೆಗಳನ್ನು ಹಳಿಯ ಅಡಿಗೆ ಕೊಟ್ಟು ಬಾಗಿರುವ ಜನರಲ್ಲಿ ಒಬ್ಬಿಬ್ಬರು ತಲೆಯೆತ್ತಿ ನೇರವಾಗಿ ನಮ್ಮನ್ನೇ ನೋಡುತ್ತಾರೆ. ವಿವರಣೆಯ ಪುಸ್ತಕ ಹಾರೆಯ ವಿಚಾರ ಹೇಳುತ್ತದೆ, ಅವರ ವಿಚಾರ ಹೇಳುವುದಿಲ್ಲ. ನಮ್ಮ ದೇವಾಲಯಗಳನ್ನು ನೆನೆದುಕೊಳ್ಳಿ. ಸೋಮನಾಥಪುರದ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನ ಹೆಸರನ್ನು ಓದಿ ನಾವು ಸಂತೋಷಪಡುತ್ತೇವೆ. ಕಲ್ಲು ಹೊತ್ತವನ ಹೆಸರು ಅಲ್ಲಿಯೂ ಇಲ್ಲ. ಆದರೆ ಹೊಯ್ಸಳರಲ್ಲಿ ಕ್ಯಾಮೆರಾ ಇರಲಿಲ್ಲವೆಂಬ ಸಮಾಧಾನವಾದರೂ ಉಂಟು.

ಯುದ್ಧ ಮುಗಿದ ಮೇಲೆ ರಸೆಲ್ ಪಶ್ಚಿಮಕ್ಕೆ ಹೋದ. ಅಮೆರಿಕ ಖಂಡವನ್ನು ಅಡ್ಡಲಾಗಿ ದಾಟುವ ಮೊದಲ ರೈಲುದಾರಿಯನ್ನು ಎರಡು ಕಂಪನಿಗಳು ಎರಡು ಕಡೆಯಿಂದ ಹಾಕುತ್ತ ಬರುತ್ತಿದ್ದವು: ಪೂರ್ವದಿಂದ ಯೂನಿಯನ್ ಪೆಸಿಫಿಕ್, ಕ್ಯಾಲಿಫೋರ್ನಿಯದಿಂದ ಸೆಂಟ್ರಲ್ ಪೆಸಿಫಿಕ್. ಮೊದಲನೆಯದಕ್ಕೆ ರಸೆಲ್ ಛಾಯಾಗ್ರಾಹಕ, ಎರಡನೆಯದಕ್ಕೆ ಆಲ್ಫ್ರೆಡ್ ಹಾರ್ಟ್. ಸೆಂಟ್ರಲ್ ಪೆಸಿಫಿಕ್‌ನ ಕೂಲಿಗಳಲ್ಲಿ ಅತ್ಯಧಿಕ ಪಾಲು ಚೀನೀಯರು; ಹತ್ತು ಸಾವಿರಕ್ಕೂ ಮಿಕ್ಕಿದವರು. ಸಿಯೆರಾ ನೆವಾಡ ಬೆಟ್ಟಗಳ ಗಟ್ಟಿಗಲ್ಲನ್ನು ಉಳಿ ಸುತ್ತಿಗೆ ಮದ್ದುಗಳಿಂದ ಕೊರೆದು ಸುರಂಗ ಮಾಡಿದವರು ಅವರೇ. ತಿಂಗಳಿಗೆ 30-35 ಡಾಲರ್ ಸಂಬಳ, ಊಟದ ಖರ್ಚು ಅವರದೇ. ಬಿಳಿಯ ಕೂಲಿಗಳಿಗಾದರೆ ಊಟ ಕಂಪನಿಯದು. 1867ರ ಜೂನ್ ತಿಂಗಳಲ್ಲಿ ಸಾವಿರಾರು ಮಂದಿ ಒಮ್ಮೆಲೇ ಕೆಲಸ ನಿಲ್ಲಿಸಿ 40 ಡಾಲರ್ ಕೇಳಿದರು. ಬೆಟ್ಟದ ಮೇಲಿನ ಆ ಬಿಡಾರಗಳಿಗೆ ಕಂಪನಿ ಆಹಾರ ಸರಬರಾಜನ್ನು ತಡೆಯಿತು. ಸುಮಾರು ಒಂದು ವಾರದಲ್ಲಿ ಮುಷ್ಕರ ಮುರಿಯಿತು.

1869ರ ಏಪ್ರಿಲ್ 28ರಂದು ಇದೇ ಕಂಪನಿ ಒಂದೇ ದಿನದಲ್ಲಿ ಹತ್ತು ಮೈಲಿ ಹಳಿ ಹಾಕಿ ದಾಖಲೆ ಮಾಡಿತು. ಹಳಿಗಳನ್ನು ಎತ್ತಿ ಇಟ್ಟ ಎಂಟು ಮಂದಿ ಐರಿಷ್ ಕೂಲಿಗಳ ಹೆಸರುಗಳು ಇಂದಿಗೂ ಇತಿಹಾಸದ ಪುಸ್ತಕಗಳಲ್ಲಿವೆ, ಇರಬೇಕಾದದ್ದೇ. ಅದೇ ದಿನ ಮೊಳೆ ಬಡಿದು, ಜಲ್ಲಿ ತುಂಬಿ, ಹಳಿಯನ್ನು ನೇರ್ಪಡಿಸಿದ ಚೀನೀಯರು ಸಂಖ್ಯೆಯಾಗಿ ಮಾತ್ರ ಉಳಿದರು. ಕಂಪನಿಯ ಸಂಬಳದ ಪಟ್ಟಿಯಲ್ಲಿ ಕೂಡ ಬಹುವಾಗಿ ಮೇಸ್ತ್ರಿಯ ಹೆಸರು, ಅದರ ಮುಂದೆ ತಲೆಗಳ ಲೆಕ್ಕ. ಅವರಲ್ಲೊಬ್ಬ ಊರಿಗೆ ಬರೆದ ಒಂದು ಕಾಗದವಾಗಲಿ, ಇಟ್ಟ ಒಂದು ದಿನಚರಿಯಾಗಲಿ ಇದುವರೆಗೆ ಸಿಕ್ಕಿಲ್ಲ.

ಅದೇ ವರ್ಷದ ಮೇ 10ರಂದು ಯೂಟಾ ಪ್ರಾಂತದ ಪ್ರಾಮಂಟರಿ ಎಂಬಲ್ಲಿ ಎರಡು ದಾರಿಗಳೂ ಕೂಡಿದವು. ಚಿನ್ನದ ಮೊಳೆ, ಭಾಷಣ, ತಂತಿ ಸಂದೇಶ, ಎಲ್ಲವೂ ನಡೆಯಿತು. ರಸೆಲ್ ಆ ದಿನ ತೆಗೆದ ಚಿತ್ರವನ್ನು ನೀವೂ ಎಲ್ಲಿಯಾದರೂ ಕಂಡಿರಬಹುದು: ಎದುರುಬದುರಾಗಿ ನಿಂತ ಎರಡು ಎಂಜಿನುಗಳು, ನಡುವೆ ಕೈಕುಲುಕುತ್ತಿರುವ ಇಬ್ಬರು ಮುಖ್ಯ ಎಂಜಿನಿಯರುಗಳು, ಮೇಲಿನಿಂದ ಸೀಸೆಗಳನ್ನು ಚಾಚುತ್ತಿರುವವರು, ಸುತ್ತ ಟೋಪಿಗಳ ಜಾತ್ರೆ. ಚೀನೀಯರನ್ನು ಅದರಲ್ಲಿ ಹುಡುಕಿದರೂ ಗುರುತಿಸುವುದು ಸಾಧ್ಯವಾಗದು. ಆದರೆ ಕಡೆಯ ಹಳಿಯನ್ನು ತಂದು ಕೂರಿಸಿದವರಲ್ಲಿ ಅವರಿದ್ದರು. ಆ ಕೆಲಸದ ಚಿತ್ರವನ್ನೂ ರಸೆಲ್ ಅಂದೇ ತೆಗೆದಿದ್ದ. ಅದು ಸಣ್ಣ ಜೋಡಿಚಿತ್ರ, ಪ್ರಚಾರಕ್ಕೆ ಬರಲಿಲ್ಲ. ಪಠ್ಯಪುಸ್ತಕಕ್ಕೆ ಹೋದದ್ದು ಸೀಸೆಗಳ ಚಿತ್ರ. ಛಾಯಾಗ್ರಾಹಕ ಒಬ್ಬನೇ, ಕ್ಯಾಮೆರಾದ ವಿದ್ಯೆಯೂ ಅದೇ. ಉಪಕರಣ ತೋರಿಸಲು ಹೊರಟಾಗ ಅವನ ಗಾಜು ಕೂಲಿಗಾರನನ್ನು ಹಿಡಿಯಿತು, ಉತ್ಸವ ತೋರಿಸಲು ಹೊರಟಾಗ ಕೈಬಿಟ್ಟಿತು. ಇವೆರಡರಲ್ಲಿ ಮೊದಲನೆಯದನ್ನೇ ನಾನು ಹೆಚ್ಚು ನಂಬುತ್ತೇನೆ.

ಈ ಕೈಬಿಡುವಿಕೆ ಕೇವಲ ಚಿತ್ರಶಾಲೆಯ ವಿಷಯವಾಗಿ ಉಳಿಯಲಿಲ್ಲ. ದಾರಿ ಮುಗಿದ ಮೇಲೂ ಅನೇಕ ಚೀನೀಯರು ಅದೇ ಹಳಿಗಳ ದುರಸ್ತಿಯ ತಂಡಗಳಲ್ಲಿ ದುಡಿಯುತ್ತಿದ್ದರು. 1882ರಲ್ಲಿ ಬಂದ ಕಾಯಿದೆ ಅವರ ಜನ ಕೂಲಿಗಾಗಿ ದೇಶದೊಳಕ್ಕೆ ಬರುವುದನ್ನು ತಡೆಯಿತು, ಇದ್ದವರಿಗೆ ಪೌರತ್ವವನ್ನು ನಿರಾಕರಿಸಿತು. 1969ರಲ್ಲಿ ಪ್ರಾಮಂಟರಿಯ ಶತಮಾನೋತ್ಸವಕ್ಕೆ ಬಂದ ಸಾರಿಗೆ ಮಂತ್ರಿ ಜಾನ್ ವೋಲ್ಪ್, ಅಮೆರಿಕನ್ನರಲ್ಲದೆ ಮತ್ತಾರು ಇಂಥ ಸುರಂಗಗಳನ್ನು ಕೊರೆಯಬಲ್ಲರು ಎಂಬ ಧಾಟಿಯಲ್ಲಿ ಭಾಷಣ ಮಾಡಿದ. ಕೊರೆದವರಿಗೆ ಅಮೆರಿಕನ್ನರಾಗುವ ಹಕ್ಕೇ ಇರಲಿಲ್ಲವೆಂಬುದು ಆತನಿಗೆ ಹೊಳೆಯಲಿಲ್ಲ. ವೇದಿಕೆಯ ಎದುರು ಚೀನೀ ಮೂಲದವರು ಕುಳಿತಿದ್ದರು.

ನ್ಯೂಯಾರ್ಕಿನಲ್ಲಿ ಶಾಲೆಗೆ ಹೋಗುತ್ತಿದ್ದ ಕಾರ್ಕಿ ಲೀ ಎಂಬ ಹುಡುಗ ಪಠ್ಯಪುಸ್ತಕದಲ್ಲಿ ಆ ಸೀಸೆಗಳ ಚಿತ್ರವನ್ನು ಕಂಡು, ಭೂತಗನ್ನಡಿ ಹಿಡಿದು ತನ್ನವರ ಮುಖ ಹುಡುಕಿದನಂತೆ. ಸಿಗಲಿಲ್ಲ. ಬೆಳೆದು ಆತ ಛಾಯಾಗ್ರಾಹಕನೇ ಆದ. 2014ರ ಮೇ 10ರಂದು, 145ನೆಯ ವರ್ಷದ ದಿನ, ಆ ಕೂಲಿಗಳ ವಂಶದವರೂ ಸೇರಿದಂತೆ ಚೀನೀ ಮೂಲದವರ ದೊಡ್ಡ ಗುಂಪನ್ನು ಪ್ರಾಮಂಟರಿಯಲ್ಲಿ ಅದೇ ಮಾದರಿಯ ಎಂಜಿನುಗಳ ಮುಂದೆ ನಿಲ್ಲಿಸಿ, ಹಳೆಯ ಚಿತ್ರವನ್ನು ಹೊಸದಾಗಿ ತೆಗೆದ. 2021ರ ಜನವರಿಯಲ್ಲಿ ಕೋವಿಡ್ ಅವನನ್ನು ಒಯ್ದಿತು. ಪ್ರಾಮಂಟರಿಯ ಮೂಲ ಹಳಿಗಳಂತೂ ಎಂದೋ ಇಲ್ಲವಾಗಿದ್ದವು. ಸರೋವರದ ಮೇಲಿನ ಹೊಸ ದಾರಿಯಿಂದಾಗಿ ಮೂಲೆಗೆ ಬಿದ್ದಿದ್ದ ಅವನ್ನು 1942ರಲ್ಲಿ ಯುದ್ಧದ ಕಬ್ಬಿಣಕ್ಕಾಗಿ ಕಿತ್ತು ಒಯ್ದಿದ್ದರು. ಈಗ ಅಲ್ಲಿರುವವು ಪ್ರದರ್ಶನಕ್ಕೆಂದು ಮತ್ತೆ ಹಾಸಿದ ಹಳಿಗಳು.

ನನ್ನ ಚಿತ್ರದ ದಾರಿಯೂ ಬ್ರಾಡ್ ಗೇಜಾಯಿತು. ಈಗ ಜಲ್ಲಿ ಗಿಡಿಯುವ ಹೆಚ್ಚಿನ ಕೆಲಸವನ್ನು ಹಳದಿ ಬಣ್ಣದ ದೊಡ್ಡ ಯಂತ್ರಗಳು ಮಾಡುತ್ತವೆ. ಗ್ಯಾಂಗ್‌ಮನ್ ಎಂಬ ಹೆಸರೂ ಕಾಗದಪತ್ರಗಳಲ್ಲಿ ಬದಲಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನ ತಂದೆ ಹಳಿಯ ಕೆಲಸದಲ್ಲಿದ್ದವರೆಂದು ನನಗೆ ಗೊತ್ತಾದದ್ದೂ ಅಂದೇ. ಆಲ್ಬಮ್ಮು ತೋರಿಸಿದೆ. ಆತ ಬಹಳ ಹೊತ್ತು ನೋಡಿ, ಎಡಗಡೆಯಿಂದ ಮೂರನೆಯವನ ಹೆಗಲಿನ ಮೇಲಿದ್ದ ಉದ್ದ ಹಿಡಿಯ ಸುತ್ತಿಗೆಗೆ ಬೆರಳಿಟ್ಟು, "ಇವರು ಕೀಮನ್ ಇರಬೇಕು ಸಾರ್. ದಿನಾ ಬೆಳಿಗ್ಗೆ ಹಳಿಯ ಮೇಲೆ ಒಬ್ಬರೇ ನಡೆದು, ಸಡಿಲವಾದ ಕೀಲಿ ಬಡಿದು ಬರೋರು. ನಮ್ಮಪ್ಪನೂ ಅದೇ ಮಾಡ್ತಿದ್ರು" ಎಂದ. ಹೆಸರು ಅವನಿಗೂ ತಿಳಿಯದು. ಅವನು ಹೋದ ಮೇಲೆ ಚಿತ್ರವನ್ನು ತೆಗೆದು, ಹಿಂಬದಿಯಲ್ಲಿ ನನ್ನ ಹಳೆಯ ಬರವಣಿಗೆಯ ಕೆಳಗೆ "ಎಡದಿಂದ ಮೂರನೆಯವರು ಕೀಮನ್" ಎಂದು ಬರೆದೆ.