ಅಂಗಳ ಬದಲಾಯಿತು, ಕಾಲಿಗೆ ಹೇಳಿದವರು ಯಾರು?

ಹೋದ ವಾರ ತುಬಚಿಯಿಂದ ಅಣ್ಣನ ಮಗ ಫೋನ್ ಮಾಡಿದ್ದ. "ಕಾಕಾ, ಬೆಂಗಳೂರಾಗ ಫುಟ್‌ಬಾಲ್ ಟ್ರಯಲ್ಸ್ ಐತಿ. ಅಲ್ಲಿ ಗ್ರೌಂಡ್ ಪ್ಲಾಸ್ಟಿಕ್ ಹುಲ್ಲಿಂದಂತ. ಎಂಥಾ ಬೂಟ್ ತಗೊಳ್ಲಿ?"

ಸಣ್ಣ ಪ್ರಶ್ನೆ ಅನ್ನಿಸುತ್ತೆ ಅಲ್ವಾ? ಆದರೆ ಅವನ ಕೈಯಲ್ಲಿರೋದು ಕಬ್ಬಿನ ಬಿಲ್ಲು ಬಂದ ಮೇಲೆ ಅಪ್ಪ ಕೊಟ್ಟ ದುಡ್ಡು. ಒಂದೇ ಜೋಡಿ ಬರುತ್ತೆ. ತಪ್ಪಾದರೆ ಇನ್ನೊಂದಿಲ್ಲ. ಅವನು ಆಡಿ ಬೆಳೆದದ್ದು ಎರೆಮಣ್ಣಿನಲ್ಲಿ, ಹೆಚ್ಚಾಗಿ ಬರಿಗಾಲಲ್ಲಿ.

ಬರಿಗಾಲು ಅಂದ ತಕ್ಷಣ ನನಗೆ 1948ರ ಲಂಡನ್ ಒಲಿಂಪಿಕ್ಸ್ ನೆನಪಾಗುತ್ತೆ. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ಎದುರು ಇಳಿದಾಗ ನಮ್ಮ ಆಟಗಾರರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ನಾವು ಸೋತದ್ದು 1-2ರಿಂದ ಮಾತ್ರ. ಎರಡು ಪೆನಾಲ್ಟಿ ಕೈತಪ್ಪಿದ್ದವು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಜಗತ್ತು ಬೆರಗಾಗಿ ನೋಡಿತು, ನಾವೂ ಬೀಗಿದೆವು.

ನಾಲ್ಕೇ ವರ್ಷ. 1952, ಹೆಲ್ಸಿಂಕಿ. ಮೈ ಕೊರೆಯುವ ಚಳಿ. ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲೂ ಬೆಂಗಳೂರಿನ ಅಹಮದ್ ಖಾನ್ ಅವರದ್ದೇ. ಅದಾದ ಮೇಲೆ ಭಾರತದ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ಆಟಗಾರರಿಗೆ ಪ್ರತಿಭೆ ಇರಲಿಲ್ವಾ? ಇತ್ತು. ಆ ಅಂಗಳಕ್ಕೆ ತಕ್ಕ ತಯಾರಿ ಇರಲಿಲ್ಲ.

ತಯಾರಿ ಅಂದ್ರೇನು ಅಂತ ಎರಡು ವರ್ಷ ಬಿಟ್ಟು ಜರ್ಮನರು ತೋರಿಸಿದರು. 1954ರ ವಿಶ್ವಕಪ್ ಫೈನಲ್, ಬರ್ನ್ ನಗರ, ಮಳೆ. ಅದೇ ಕೂಟದಲ್ಲಿ ಹಂಗೇರಿ ಕೈಯಲ್ಲಿ 3-8ರಿಂದ ಹೊಡೆತ ತಿಂದಿದ್ದ ಪಶ್ಚಿಮ ಜರ್ಮನಿ ಈ ಸಲ 3-2ರಿಂದ ಗೆದ್ದಿತು. ಬೂಟು ತಯಾರಕ ಆಡಿ ಡಾಸ್ಲರ್ ತಂಡದ ಜೊತೆಯಲ್ಲೇ ಇದ್ದರು. ತಿರುಗಿಸಿ ಬಿಚ್ಚುವ ಸ್ಟಡ್‌ಗಳು, ಕೆಸರಿಗೆ ಬೇಕಾದಷ್ಟು ಉದ್ದ. ಬೂಟೊಂದೇ ಗೆಲ್ಲಿಸಿತು ಅಂತ ನಾನು ಹೇಳಲ್ಲ. ಆದರೆ ಅವರು ನೆಲ ನೋಡಿ ಬೂಟು ಕಟ್ಟಿದ್ದರು.

ನಾವು ಪಾಠ ಕಲಿತೆವಾ? ಹಾಕಿ ನೋಡಿ. 1975ರಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದ ಭಾರತ ತಂಡ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿತು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿ ಕೃತಕ ಹುಲ್ಲಿನ ಮೇಲೆ ನಡೆಯಿತು. ನಮಗೆ ಏಳನೇ ಸ್ಥಾನ!

ಈಗ ಕೃತಕ ಹುಲ್ಲು ನಮ್ಮ ಮನೆ ಬಾಗಿಲಿಗೇ ಬಂದಿದೆ. ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷವೇ, 2013-14ರಲ್ಲಿ, ಐ-ಲೀಗ್ ಗೆದ್ದಾಗ ಅದರ ತವರು ಅಂಗಳ ಅಶೋಕನಗರದ ಸ್ಟೇಡಿಯಂ. ಅಲ್ಲಿದ್ದದ್ದು ಕೃತಕ ಹುಲ್ಲೇ.

ಹುಡುಗನಿಗೆ ನಾನು ಹೇಳಿದ್ದಿಷ್ಟು. "ಮೊದಲ ನೆಲ ಯಾವುದು ಅಂತ ಕೇಳಪಾ, ಆಮ್ಯಾಲ ಬೂಟ್ ನೋಡು." ಉದ್ದನೆ ಎಳೆ, ನಡುವೆ ರಬ್ಬರ್ ಪುಡಿ ಇದ್ದರೆ ಎಜಿ ಅಂತ ಬರೆದ ಬೂಟು. ಅದರಲ್ಲಿ ಸ್ಟಡ್ ಹೆಚ್ಚು, ಗಿಡ್ಡ, ಸಾಮಾನ್ಯವಾಗಿ ದುಂಡು. ಮೈಭಾರ ಹಂಚಿಹೋಗುತ್ತೆ. ಕಾರ್ಪೆಟ್ಟಿನಂಥ ಗಿಡ್ಡ ಹುಲ್ಲಾದರೆ ಟಿಎಫ್, ಅಡಿಯಲ್ಲೆಲ್ಲ ಸಣ್ಣ ರಬ್ಬರ್ ಗುಳ್ಳೆಗಳಿರೋದು. ಎಫ್‌ಜಿ ಅನ್ನೋದು ನಿಜವಾದ ಹುಲ್ಲಿಗೆ. ಅದರ ಉದ್ದ ಸ್ಟಡ್ ಕೃತಕ ಹುಲ್ಲಲ್ಲಿ ಕಚ್ಚಿಕೊಂಡು ಬಿಟ್ಟರೆ ಮೈ ತಿರುಗುತ್ತೆ, ಪಾದ ತಿರುಗಲ್ಲ. ನಡುವೆ ಸಿಕ್ಕಿಕೊಳ್ಳೋದು ಮೊಣಕಾಲು. ಲೋಹದ ಸ್ಟಡ್ಡಂತೂ ಬೇಡವೇ ಬೇಡ. ಬೂಟು ತಂದ ದಿನವೇ ಟ್ರಯಲ್ಸ್‌ಗೆ ಹೋಗಬೇಡ, ಒಂದೆರಡು ವಾರ ಹಾಕಿ ಓಡಾಡು.

ನನ್ನ ಪ್ರಶ್ನೆ ಆಯ್ಕೆ ನಡೆಸೋ ದೊಡ್ಡವರಿಗೆ. ಹುಡುಗ ಕಳಿಸಿದ ಪ್ರಕಟಣೆ ನೋಡಿದೆ. ದಿನಾಂಕ ಇದೆ, ವಯಸ್ಸಿನ ದಾಖಲೆ ತನ್ನಿ ಅಂತಿದೆ. ಯಾವ ನೆಲ, ಯಾವ ಬೂಟು ಅಂತ ಒಂದು ಸಾಲಿಲ್ಲ. ಆ ಒಂದು ಸಾಲಿಗೆ ಎಷ್ಟು ಖರ್ಚಾಗುತ್ತೆ ಸ್ವಾಮಿ? ಬೆಂಗಳೂರಿನ ಹುಡುಗನಿಗೆ ಅದನ್ನು ಕೋಚ್ ಹೇಳ್ತಾರೆ. ತುಬಚಿಯ ಹುಡುಗನಿಗೆ ಯಾರು ಹೇಳ್ತಾರೆ?

1952ರಲ್ಲಿ ಸೋತ ಮೇಲೆ ಬೂಟಿನ ನೆನಪಾಯಿತು. ಈ ಸಲವಾದರೂ ಮೊದಲೇ ಹೇಳೋಣ.