ಸೂಲಗಿತ್ತಿಯ ಕೈಗೆ ಬಂದ ಮಣಿಗಳು: ಗಡಚಿರೋಲಿಯ ಶಿಶು ಆರೈಕೆಯ ಚರಿತ್ರೆ

ಅಂಗೈಯಲ್ಲಿ ಹಿಡಿಯಬಹುದಾದ ಒಂದು ಚೌಕಟ್ಟು. ಅದರಲ್ಲಿ ಎರಡು ಸಾಲು ಮಣಿ, ಪಕ್ಕದಲ್ಲಿ ಒಂದು ನಿಮಿಷಕ್ಕೆ ಸುರಿದು ಮುಗಿಯುವ ಮರಳಿನ ಗಡಿಯಾರ. ಎರಡು ತಿಂಗಳೊಳಗಿನ ಕೂಸಿಗೆ ಒಂದು ಸಾಲು, ಅದಕ್ಕಿಂತ ದೊಡ್ಡ ಮಗುವಿಗೆ ಇನ್ನೊಂದು. ಮಗುವಿನ ಎದೆಗೂಡು ಹತ್ತು ಸಲ ಏರಿಳಿದರೆ ಒಂದು ಮಣಿಯನ್ನು ಆಚೆ ಸರಿಸಬೇಕು. ಮರಳು ಮುಗಿಯುವ ಮೊದಲೇ ಬೆರಳು ಕೆಂಪು ಮಣಿಗೆ ತಗುಲಿದರೆ ಅದು ನ್ಯುಮೋನಿಯಾ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಇದನ್ನು ಮಾಡಿಸಿದ್ದು ಹತ್ತು–ಹನ್ನೆರಡರಾಚೆ ಎಣಿಕೆ ಬಾರದ ಸೂಲಗಿತ್ತಿಯರಿಗಾಗಿ. ನಮ್ಮ ದೇಶದ ತಾಯಿ–ಮಗುವಿನ ಆರೋಗ್ಯದ ಚರಿತ್ರೆಯಲ್ಲಿ ಈ ಪುಟ್ಟ ಸಲಕರಣೆಗೆ ದೊಡ್ಡ ಆಸ್ಪತ್ರೆಗಳ ಪಕ್ಕದಲ್ಲೇ ಜಾಗ ಸಿಗಬೇಕು ಎಂಬುದು ಈ ಲೇಖನದ ವಾದ.

ಅದರ ಬೆಲೆ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದ ಹೆಂಗಸರಿಗೆ ವೈದ್ಯಕೀಯ ನೆರವು ಒದಗಿಸಲು 1885ರಲ್ಲಿ ಡಫರಿನ್ ನಿಧಿ ಹುಟ್ಟಿತು. 1903ರಲ್ಲಿ ಲೇಡಿ ಕರ್ಜನ್ ಮುತುವರ್ಜಿಯಿಂದ ಬಂದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಸೂಲಗಿತ್ತಿಯರಿಗೆ ತರಬೇತಿ ಕೊಡಲು ಹೊರಟಿತು. ಆ ಕಾಲದ ಬರಹಗಳಲ್ಲಿ ಸೂಲಗಿತ್ತಿ ಬಹುಮಟ್ಟಿಗೆ ಆರೋಪಿ: ಕೊಳಕು ಕೈ, ತುಕ್ಕು ಹಿಡಿದ ಕುಡುಗೋಲು, ಮೂಢನಂಬಿಕೆ. ಹೊಕ್ಕುಳಬಳ್ಳಿಯನ್ನು ಶುದ್ಧವಲ್ಲದ ಅಲಗಿನಿಂದ ಕೊಯ್ದದ್ದರಿಂದ ಎಷ್ಟೋ ಕೂಸುಗಳು ಧನುರ್ವಾಯುವಿಗೆ ಬಲಿಯಾದದ್ದು ನಿಜ. ಆದರೆ ಬಸುರಿಯ ರಕ್ತಹೀನತೆ, ಎಳೆಯ ವಯಸ್ಸಿನ ಮದುವೆ, ಗಾಡಿದಾರಿಯೂ ಇಲ್ಲದ ಊರು, ಇವುಗಳ ಹೊಣೆಯನ್ನೂ ಅದೇ ಹೆಂಗಸಿನ ತಲೆಗೆ ಕಟ್ಟಲಾಯಿತು. ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಅಂದಾಜಿನಲ್ಲಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರು.

ಸ್ವಾತಂತ್ರ್ಯದ ನಂತರವೂ ತರಬೇತಿ ಮುಂದುವರಿಯಿತು. ಸೋಪು, ಹೊಸ ಬ್ಲೇಡು, ಶುದ್ಧ ದಾರ ಇರುವ ಕಿಟ್‌ಗಳನ್ನು ಹಂಚಲಾಯಿತು. ಆದರೂ ತಾಯಂದಿರ ಸಾವು ಎಣಿಸಿದಷ್ಟು ಇಳಿಯಲಿಲ್ಲ. ತಾಯಿ–ಮಗುವಿನ ಆರೋಗ್ಯ ಎಂದು ಹೆಸರಿಟ್ಟ ಕಾರ್ಯಕ್ರಮಗಳಲ್ಲಿ ತಾಯಿ ಎಲ್ಲಿದ್ದಾಳೆ ಎಂದು 1985ರಲ್ಲಿ ಅಲನ್ ರೋಸೆನ್‌ಫೀಲ್ಡ್ ಮತ್ತು ಡೆಬೊರಾ ಮೇನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ನೇರವಾಗಿ ಕೇಳಿದರು. 1987ರಲ್ಲಿ ನೈರೋಬಿಯಲ್ಲಿ ಸುರಕ್ಷಿತ ತಾಯ್ತನದ ಸಮ್ಮೇಳನ ನಡೆಯಿತು. ಹೆರಿಗೆಯಾದ ಮೇಲೆ ರಕ್ತ ಸುರಿಯತೊಡಗಿದರೆ ಹೆಂಗಸು ಕೆಲವೇ ಗಂಟೆಗಳಲ್ಲಿ ತೀರಿಕೊಳ್ಳಬಹುದು. ಗರ್ಭಕೋಶ ಬಿಗಿಯುವ ಔಷಧ, ರಕ್ತ, ಶಸ್ತ್ರಚಿಕಿತ್ಸೆ ಬೇಕಾಗುವ ಆ ಹೊತ್ತಿನಲ್ಲಿ ಎಷ್ಟೇ ನಿಪುಣ ಸೂಲಗಿತ್ತಿಯಾದರೂ ಬರಿಗೈಯಲ್ಲಿ ಮಾಡುವುದೇನು? ಹಾಗಾಗಿ ಆಸ್ಪತ್ರೆಯ ಹೆರಿಗೆಗೆ ಒತ್ತು ಬಿದ್ದದ್ದು ಸರಿಯೇ. ತಪ್ಪಾದದ್ದು ಬೇರೆ ಕಡೆ. ತಾಯಿಯ ವಿಷಯದಲ್ಲಿ ನಿಜವಾದ ಮಾತನ್ನು ಕೂಸಿಗೂ ಅನ್ವಯಿಸಿ, ಹಳ್ಳಿಯ ಹೆಂಗಸಿನಿಂದ ಏನೂ ಆಗದು ಎಂದು ಕೈಬಿಟ್ಟದ್ದು.

ಆ ತೀರ್ಮಾನವನ್ನು ಗಡಚಿರೋಲಿ ಪರೀಕ್ಷೆಗೊಡ್ಡಿತು. ಬಂಗ್ ದಂಪತಿ ಕಟ್ಟಿದ ‘ಸರ್ಚ್’ ಸಂಸ್ಥೆ ಮೊದಲು ನ್ಯುಮೋನಿಯಾವನ್ನು ಕೈಗೆತ್ತಿಕೊಂಡಿತು. ಊರವರೇ ಗುರುತಿಸಿ ಔಷಧ ಕೊಟ್ಟ ಹಳ್ಳಿಗಳಲ್ಲಿ ಆ ರೋಗದಿಂದಾಗುವ ಮಕ್ಕಳ ಸಾವು ಉಳಿದ ಹಳ್ಳಿಗಳ ಅರ್ಧದಷ್ಟೂ ಇರಲಿಲ್ಲ ಎಂಬುದು 1990ರಲ್ಲಿ ಪ್ರಕಟವಾಯಿತು. ಆಮೇಲೆ ಅವರ ಗಮನ ಹುಟ್ಟಿದ ಮೊದಲ 28 ದಿನಗಳ ಮೇಲೆ ನಿಂತಿತು. 39 ಹಳ್ಳಿಗಳಲ್ಲಿ ಐದರಿಂದ ಹತ್ತನೆಯ ತರಗತಿಯವರೆಗೆ ಓದಿದ್ದ ಸ್ಥಳೀಯ ಹೆಂಗಸರನ್ನು ಆರಿಸಿ ಕಲಿಸಲಾಯಿತು. ಹೋಲಿಕೆಗೆ ಬೇರೆ 47 ಹಳ್ಳಿಗಳು. ಕೂಸನ್ನು ತೂಗುವುದು, ಬೆಚ್ಚಗಿಡುವುದು, ಉಸಿರು ಕಟ್ಟಿದರೆ ಉಸಿರು ತುಂಬುವುದು, ಎದೆಹಾಲು ಹಿಡಿಸುವುದು, ನಂಜೇರಿದ ಲಕ್ಷಣ ಕಂಡರೆ ಜೆಂಟಾಮೈಸಿನ್ ಚುಚ್ಚುವುದು, ಎಲ್ಲವನ್ನೂ ಅವರು ಕಲಿತರು. ಸೂಲಗಿತ್ತಿಯೂ ಜೊತೆಗಿದ್ದಳು; ಅವಳನ್ನು ಹೊರಗಟ್ಟಲಿಲ್ಲ.

1999ರ ಡಿಸೆಂಬರ್‌ನಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶ ಇದು: ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಸಾವಿರಕ್ಕೆ 62ರಿಂದ ಮೂರನೆಯ ವರ್ಷಕ್ಕೆ 25.5ಕ್ಕೆ ಇಳಿದಿತ್ತು. ನಂಜಿಗೆ ತುತ್ತಾದ ಕೂಸುಗಳಲ್ಲಿ ಮೊದಲು ನೂರಕ್ಕೆ 16.6 ಸಾಯುತ್ತಿದ್ದವು; ಮನೆಯಲ್ಲೇ ಚಿಕಿತ್ಸೆ ಸಿಕ್ಕಿದ ಮೇಲೆ 2.8. ಈ ಕೊನೆಯ ಅಂಕಿಯ ಮುಂದೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಸಿರಿಂಜು ಹಿಡಿದಿದ್ದವಳು ಅದೇ ಓಣಿಯ ಹೆಂಗಸು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು. ಜನನಿ ಸುರಕ್ಷಾ ಯೋಜನೆ ಹೆರಿಗೆಯನ್ನು ಆಸ್ಪತ್ರೆಗೆ ತಂದಿತು. ಕರ್ನಾಟಕದಲ್ಲಿ 2001–03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ಇದ್ದ ತಾಯಂದಿರ ಮರಣ 2018–20ರ ಹೊತ್ತಿಗೆ 69 ಆಗಿತ್ತು. ಆ ಕಡೆ ಹಳೆಯ ವಿದ್ಯೆಯೂ ಪೂರ್ತಿ ಮರೆಗೆ ಸರಿಯಲಿಲ್ಲ: ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು, ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು.

ಗಡಚಿರೋಲಿಯ ಪಾಠ 2011ರಲ್ಲಿ ಇಡೀ ದೇಶದ ಕಾರ್ಯಕ್ರಮವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಆಶಾ 3, 7, 14, 21, 28, 42ನೆಯ ದಿನ ಮನೆಗೆ ಬರಬೇಕು. ಬಾಣಂತಿಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ಬಟ್ಟೆಯ ಜೋಲಿಯಲ್ಲಿ ಕೂಸನ್ನು ತೂಗಿ, ಕಂಕುಳಿಗೆ ಥರ್ಮಾಮೀಟರ್ ಇಟ್ಟು, ಉಸಿರು ಎಣಿಸುತ್ತಾಳೆ. ಇಷ್ಟೂ ಭೇಟಿ ಮುಗಿಸಿದರೆ ಅವಳಿಗೆ 250 ರೂಪಾಯಿ ಎಂದು ಗೊತ್ತುಮಾಡಲಾಯಿತು. ಆದರೆ ಜೆಂಟಾಮೈಸಿನ್ ಮಾತ್ರ ಅವಳ ಚೀಲಕ್ಕೆ ಬರಲಿಲ್ಲ. 2014ರ ಮಾರ್ಗಸೂಚಿ ಆ ಚುಚ್ಚುಮದ್ದನ್ನು ಕಿರಿಯ ಆರೋಗ್ಯ ಸಹಾಯಕಿಯ ಕೈಗೆ ಕೊಟ್ಟಿತು, ಅವಳೋ ಹಲವು ಹಳ್ಳಿಗಳಿಗೆ ಒಬ್ಬಳೇ. ನೂರಕ್ಕೆ 16.6ನ್ನು 2.8ಕ್ಕೆ ಇಳಿಸಿದ್ದ ಕೈಗೆ ಎಣಿಸುವ ಕೆಲಸ ಉಳಿಯಿತು. ಕೆಂಪು ಮಣಿ ಕಂಡ ಮೇಲೆ ಅವಳು ಆಂಬುಲೆನ್ಸ್‌ಗೆ ಫೋನ್ ಮಾಡಿ ದಾರಿ ಕಾಯುತ್ತಾಳೆ.