ಒಡೆತನವಿಲ್ಲದ ಕೃಷಿ: ಅಘನಾಶಿನಿ ಅಳಿವೆಯ ಸಿಂಪಿ ಸಂಗ್ರಹದ ಚರಿತ್ರೆ

ಕನ್ನಡದ ಶಿಷ್ಟ ಕಾವ್ಯಪರಂಪರೆಗೆ ಸಿಂಪಿಯ ಪರಿಚಯವಿರುವುದು ಮುತ್ತಿನ ಮೂಲಕ. ಸ್ವಾತಿ ಮಳೆಯ ಹನಿ ಬಾಯ್ದೆರೆದ ಸಿಂಪಿಯೊಳಗೆ ಬಿದ್ದು ಮುತ್ತಾಗುತ್ತದೆ ಎಂಬ ಕವಿಸಮಯ ಅರಮನೆಯ ಕಾವ್ಯದಿಂದ ಹಿಡಿದು ಅನುಭಾವಿಗಳ ಮಾತಿನವರೆಗೆ ಹರಿದುಬಂದಿದೆ. ಮುತ್ತಿಲ್ಲದ ಸಿಂಪಿಗೆ, ಅಂದರೆ ಕಲ್ಲಿಗೆ ಅಂಟಿ ಬೆಳೆದು ಬಡವರ ಗಡಿಗೆಯಲ್ಲಿ ಬೇಯುವ ಸಿಂಪಿಗೆ, ಆ ಪರಂಪರೆಯಲ್ಲಿ ಸ್ಥಾನ ದೊರೆತದ್ದು ತೀರಾ ಕಡಿಮೆ. ಕರಾವಳಿಯ ಆಹಾರ ಚರಿತ್ರೆಯನ್ನು ಬರೆಯಹೊರಟವರೂ ಬಲೆ ಮತ್ತು ದೋಣಿಯ ಮೀನುಗಾರಿಕೆಗೆ ಕೊಟ್ಟಷ್ಟು ಗಮನವನ್ನು ಬರಿಗೈಯಲ್ಲಿ ನಡೆಯುವ ಈ ಸಂಗ್ರಹಕ್ಕೆ ಕೊಟ್ಟಿಲ್ಲ. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯನ್ನು ಮುಂದಿಟ್ಟುಕೊಂಡು ಈ ಕೊರತೆಯ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯು ಅಣೆಕಟ್ಟುಗಳ ತಡೆಯಿಲ್ಲದೆ ಘಟ್ಟವಿಳಿದು, ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಅಳಿವೆಯ ಬಾಯಿಯ ಉತ್ತರಕ್ಕೆ ತದಡಿ ಬಂದರು, ದಕ್ಷಿಣಕ್ಕೆ ನದಿಯದೇ ಹೆಸರಿನ ಅಘನಾಶಿನಿ ಗ್ರಾಮ. ಒಳಕ್ಕೆ ಮಿರ್ಜಾನ್, ಹೆಗಡೆ, ದಿವಗಿ, ಮಾಸೂರು, ಮಾಣಿಕಟ್ಟಾ ಮೊದಲಾದ ಊರುಗಳಿವೆ. ಉಪ್ಪುನೀರು ಸಿಹಿನೀರುಗಳು ದಿನಕ್ಕೆರಡು ಬಾರಿ ಬೆರೆಯುವ ಈ ಹರಹಿನಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿಗಳಿವೆ, ಕಾಂಡ್ಲಾ ಕಾಡಿದೆ, ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ನೀರಿಳಿದಾಗ ಬಯಲಾಗುವ ಮರಳು ಮತ್ತು ಕೆಸರಿನ ದಿಬ್ಬಗಳಲ್ಲಿ ಬಳಚು ಸಿಗುತ್ತದೆ. ಬಂಡೆ ಮತ್ತು ಕಟ್ಟೆಯ ಕಲ್ಲುಗಳ ಮೇಲೆ ಸಿಂಪಿ. ಕೊಂಕಣಿಯ ಬಳಕೆಯಿರುವ ಮನೆಗಳಲ್ಲಿ ಈ ಸಿಂಪಿಗೆ ಕಲ್ವ ಎಂಬ ಹೆಸರಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅಳಿವೆಯಿಂದ ವರ್ಷಕ್ಕೆ 22,006 ಟನ್ ಚಿಪ್ಪುಜೀವಿಗಳು ದೊರೆಯುತ್ತವೆಂದೂ, ಅವುಗಳ ಮೌಲ್ಯ 5.78 ಕೋಟಿ ರೂಪಾಯಿಗಳೆಂದೂ, ನೇರವಾಗಿ 2,347 ಜನರಿಗೆ ಇದರಿಂದ ಉದ್ಯೋಗವಿದೆಯೆಂದೂ ಅಂದಾಜು ಮಾಡಿತು. ಅಂದಿನ ಬೆಲೆಯಲ್ಲಿ ಕಟ್ಟಿದ ಈ ಮೊತ್ತಕ್ಕಿಂತ ಮುಖ್ಯವಾದದ್ದು ಜನರ ಸಂಖ್ಯೆ. ಅಂಬಿಗ, ಹರಿಕಂತ್ರ, ಗಾಬಿತ ಮುಂತಾದ ಮೀನುಗಾರ ಸಮುದಾಯಗಳಲ್ಲದೆ, ಹಾಲಕ್ಕಿ ಒಕ್ಕಲಿಗ, ನಾಮಧಾರಿ ಮೊದಲಾದ ಬೇಸಾಯದ ಹಿನ್ನೆಲೆಯವರೂ ಈ ಕೆಲಸದಲ್ಲಿದ್ದಾರೆ. ಬಲೆ ಬೀಸಲು ಕುಲಕಸುಬಿನ ಗಡಿಯಿದ್ದ ತೀರದಲ್ಲಿ ಬಳಚು ಹೆಕ್ಕಲು ಅಂಥ ಗಡಿ ಇರಲಿಲ್ಲವೆಂಬುದು ಗಮನಾರ್ಹ. ಆಳದ ನೀರಿನಲ್ಲಿ ಗಂಡಸರು ದೋಣಿಯಿಂದಿಳಿದು ಮುಳುಗಿ ತೆಗೆದರೆ, ಮೊಣಕಾಲುದ್ದದ ನೀರಿನಲ್ಲಿ ಹೆಂಗಸರು ಕಾಲ್ಬೆರಳಿನಿಂದಲೇ ತಡಕಿ ಗುರುತಿಸುತ್ತಾರೆ. ಬೇಯಿಸಿ ಚಿಪ್ಪು ಬಿಡಿಸುವುದು, ಮಾಂಸವನ್ನು ಪೇಟೆಗೆ ಒಯ್ಯುವುದು, ಉಳಿದ ಚಿಪ್ಪನ್ನು ಹಿತ್ತಿಲಲ್ಲಿ ರಾಶಿ ಹಾಕುವುದು, ಎಲ್ಲವೂ ಮನೆಮಂದಿಯ ದುಡಿಮೆ. ಒಂದು ಭಾಗ ಗೋವೆಗೂ ಹೋಗುತ್ತದೆ.

ಈ ದುಡಿಮೆಗೆ ಗಡಿಯಾರ ತಿಥಿ. ಕೊಂಕಣ ತೀರದುದ್ದಕ್ಕೂ ಮೀನುಗಾರರಲ್ಲಿ ಪ್ರಚಲಿತವಿರುವ ಲೆಕ್ಕದಂತೆ, ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಅಂದಿನ ಉಬ್ಬರದ ವೇಳೆಯನ್ನು ಹೆಚ್ಚು ಕಡಿಮೆ ಸೂಚಿಸುತ್ತದೆ. ಚತುರ್ಥಿಯಂದು ಮೂರು ಗಂಟೆಯ ಸುಮಾರಿಗೆ ನೀರು ತುಂಬಿದರೆ ಒಂಬತ್ತರ ಹೊತ್ತಿಗೆ ಇಳಿದಿರುತ್ತದೆ. ಉಬ್ಬರವು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುವುದನ್ನು ಹಳೆಯ ಎಣಿಕೆಯಲ್ಲಿ ಎರಡು ಘಳಿಗೆ ಎನ್ನಬಹುದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹಳ ಇಳಿದು ದಿಬ್ಬಗಳು ಬರಿದಾಗುತ್ತವೆ. ಅಷ್ಟಮಿಯ ಹೊತ್ತಿಗೆ ಇಳಿತವೇ ಅಲ್ಪ, ಹೋದರೂ ಫಲ ಕಡಿಮೆ. ಹೀಗೆ ತಿಂಗಳಿಗೆರಡು ಸಲ ತಾನಾಗಿ ಬಿಡುವು ದೊರೆಯುತ್ತದೆ. ಮನೆಗೂ, ಅಳಿವೆಗೂ. ಪಂಚಾಂಗವನ್ನು ವ್ರತ ಮತ್ತು ಮುಹೂರ್ತಗಳ ಪುಸ್ತಕವೆಂದಷ್ಟೇ ತಿಳಿಯುವ ಅಧ್ಯಯನಗಳಿಗೆ ಈ ಬಳಕೆ ಕಾಣಿಸುವುದಿಲ್ಲ.

ಬಳಚು ಹೆಕ್ಕುವುದಕ್ಕೂ ಸಿಂಪಿ ಬಿಡಿಸುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಬಳಚು ನೆಲದೊಳಗೆ ಹುದುಗಿರುವ ಜೀವಿ. ಇಡಿಯಾಗಿ ಕೈಗೆ ಬರುತ್ತದೆ. ಸಿಂಪಿಯಾದರೋ ಮರಿಯಾಗಿದ್ದಾಗ ಎರಡು ಮೂರು ವಾರ ನೀರಿನಲ್ಲಿ ತೇಲಾಡಿ, ಬಳಿಕ ಗಟ್ಟಿಯಾದ ನೆಲೆಯೊಂದಕ್ಕೆ ತನ್ನ ಎಡಚಿಪ್ಪನ್ನು ಅಂಟಿಸಿಕೊಳ್ಳುತ್ತದೆ. ಒಮ್ಮೆ ಅಂಟಿತೆಂದರೆ ಬದುಕಿರುವವರೆಗೂ ಅದೇ ಅದರ ಜಾಗ. ಮಳೆಗಾಲದಲ್ಲಿ ಘಟ್ಟದ ಸಿಹಿನೀರು ನುಗ್ಗಿದಾಗ ಚಿಪ್ಪು ಮುಚ್ಚಿ ತಡೆದುಕೊಳ್ಳುತ್ತದೆ. ಮಳೆ ಹಿಂದೆಗೆದು ನೀರು ಮತ್ತೆ ಉಪ್ಪಾಗತೊಡಗಿದ ಮೇಲೆ ಹೊಸ ಮರಿಗಳು ಕಲ್ಲು ಹಿಡಿಯುತ್ತವೆ. ಸ್ವಾತಿ ಮಳೆಯ ಕಾಲ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ, ಹೆಚ್ಚು ಕಡಿಮೆ ಈ ಬದಲಾವಣೆಯ ಹೊಸ್ತಿಲಲ್ಲೇ ಬರುತ್ತದೆ. ಮುತ್ತಿನ ಕಥೆಯ ಹಿಂದೆ ಇಂಥ ಋತುಜ್ಞಾನದ ನೆನಪಿದೆಯೇ ಎಂಬ ಪ್ರಶ್ನೆಯನ್ನು ಎತ್ತಬಹುದು, ಆದರೆ ಅದನ್ನು ಸಾಧಿಸಲು ಬೇಕಾದ ಆಧಾರ ದುರ್ಬಲ.

ಮರಿಗಳು ಅಂಟಲು ಅತ್ಯುತ್ತಮ ನೆಲೆ ಯಾವುದು? ಹಳೆಯ ಸಿಂಪಿಯ ಚಿಪ್ಪೇ. ಬಂಡೆಯ ಬಳಿ ಕುಳಿತು, ಕಬ್ಬಿಣದ ಮೊನೆಯಿಂದ ಮೇಲ್ಚಿಪ್ಪನ್ನಷ್ಟೇ ಎಬ್ಬಿಸಿ ಮಾಂಸ ತೆಗೆದರೆ ಕೆಳಚಿಪ್ಪು ಕಲ್ಲಿನಲ್ಲೇ ಉಳಿಯುತ್ತದೆ, ಮುಂದಿನ ಮರಿ ಅದರ ಮೇಲೆ ನಿಲ್ಲುತ್ತದೆ. ಬುಡಸಮೇತ ಕೆತ್ತಿ ಒಯ್ದರೆ ಕೆಲಸ ಬೇಗ ಮುಗಿಯುತ್ತದೆ, ಚಿಪ್ಪಿಗೂ ಕಾಸು ಸಿಗುತ್ತದೆ, ಕಲ್ಲು ಮಾತ್ರ ಬೋಳಾಗುತ್ತದೆ. ನಿಧಾನದ ಮೊದಲ ಕ್ರಮವನ್ನು ಬರಿಯ ಸಂಗ್ರಹವೆಂದು ಕರೆಯುವುದು ಸರಿಯಲ್ಲ. ಬಿತ್ತನೆಯ ನೆಲವನ್ನು ಕಾಯುವ ಈ ವಿಧಾನವನ್ನು ಕೃಷಿಯ ಒಂದು ಬಗೆಯೆಂದೇ ಪರಿಗಣಿಸಬೇಕಾಗುತ್ತದೆ.

ಚಿಪ್ಪಿನ ಕಾಸಿಗೆ ಕಾರಣ ಸುಣ್ಣ. ಸಿಮೆಂಟು ಬರುವ ಮೊದಲು ಕರಾವಳಿಯ ಗಾರೆಗೂ ಗೋಡೆಗೂ ವೀಳ್ಯಕ್ಕೂ ಬೇಕಾದ ಸುಣ್ಣದ ದೊಡ್ಡ ಮೂಲ ಚಿಪ್ಪೇ ಆಗಿತ್ತು. ಸೌದೆ ಮತ್ತು ಇದ್ದಿಲಿನೊಡನೆ ಪದರ ಪದರವಾಗಿ ಒಟ್ಟಿ ಸುಟ್ಟು, ನೀರು ಚಿಮುಕಿಸಿ ಅರಳಿಸಿದ ಚಿಪ್ಪಿನ ಸುಣ್ಣ ಮನೆ ಹಿತ್ತಿಲಿನ ಗೂಡುಗಳಲ್ಲಿ ತಯಾರಾಗುತ್ತಿತ್ತು. ತಿಂದು ಉಳಿದ ಚಿಪ್ಪನ್ನು ಸುಡುವವರೆಗೆ ಇದು ಮನೆಯ ಉಪಕಸುಬು. ಅಳಿವೆಯ ತಳದಲ್ಲಿ ಯುಗಗಳಿಂದ ಸಂಚಯವಾದ ಸತ್ತ ಚಿಪ್ಪಿನ ನಿಕ್ಷೇಪವನ್ನು ಉದ್ದಿಮೆಗಾಗಿ ಅಗೆಯತೊಡಗಿದಾಗ ಪ್ರಶ್ನೆ ಬೇರೆಯಾಯಿತು. ಆ ನಿಕ್ಷೇಪಕ್ಕೆ ಗಣಿಯ ಪರವಾನಗಿ ಇತ್ತು, ಅದರ ಮೇಲೆ ಹೆಜ್ಜೆಯಿಟ್ಟು ಬಳಚು ಹೆಕ್ಕುವವರ ಹಕ್ಕಿಗೆ ಮಾತ್ರ ಯಾವ ಕಾಗದವೂ ಇರಲಿಲ್ಲ.

ಕಾಗದದ ಈ ಮಾತು ಇಲ್ಲಿ ಪ್ರಾಸಂಗಿಕವಾದುದಲ್ಲ. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ನಡೆದ ಭೂಮಾಪನವಾಗಲಿ, 1956ರ ಏಕೀಕರಣದ ನಂತರದ ದಾಖಲೆಗಳಾಗಲಿ ಗುರುತಿಸಿದ್ದು ನೆಲವನ್ನು. ಗಜನಿಗೆ ಸರ್ವೆ ನಂಬರು ಬಂತು, ಉಪ್ಪಿನ ಆಗರಕ್ಕೆ ಬಂತು. ಬಳಚಿನ ದಿಬ್ಬ ದಿನದ ಅರ್ಧ ಭಾಗ ನೀರು, ಅರ್ಧ ಭಾಗ ನೆಲ; ಅದು ಯಾರ ಖಾತೆಗೂ ಸೇರಲಿಲ್ಲ. ಪ್ರಭುತ್ವದ ಕಣ್ಣಿಗೆ ಅಳಿವೆ ಖಾಲಿ ಜಾಗವಾಗಿ ಕಂಡುದರ ಮೂಲ ಇಲ್ಲಿದೆ. ಸಿಗಡಿ ಕೃಷಿಗಾಗಿ ಗಜನಿಗಳನ್ನು ವಹಿಸಿಕೊಟ್ಟದ್ದು, ತದಡಿಯಲ್ಲಿ ಬೃಹತ್ ಉಷ್ಣವಿದ್ಯುತ್ ಸ್ಥಾವರವನ್ನು ಯೋಜಿಸಿ ಜನರ ವಿರೋಧದ ಬಳಿಕ ಬಿಟ್ಟುಕೊಟ್ಟದ್ದು, ಅನಂತರ ಸರ್ವಋತು ಬಂದರಿನ ಪ್ರಸ್ತಾವ ಬಂದದ್ದು, ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಪ್ರತಿ ಸಲವೂ ಪರಿಹಾರದ ಲೆಕ್ಕ ನೆಲದ ಪಹಣಿಯಿಂದ ಶುರುವಾಗುತ್ತದೆ. ತಲೆತಲಾಂತರದಿಂದ ದಿಬ್ಬಕ್ಕೆ ನಡೆದುಹೋದ ಹೆಂಗಸು ಪಹಣಿಯಲ್ಲಿ ಇಲ್ಲ. ದೋಣಿಯ ನೋಂದಣಿಯಲ್ಲೂ ಇಲ್ಲ.

ಸಿಂಪಿಯನ್ನು ಉದ್ದೇಶಪೂರ್ವಕವಾಗಿ ಬೆಳೆಸುವ ಪ್ರಯೋಗಗಳ ಚರಿತ್ರೆ ಬೇರೆ ಕಡೆಯಿಂದ ಬರುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ತೂತ್ತುಕುಡಿಯಲ್ಲಿ ಖಾದ್ಯ ಸಿಂಪಿಯ ಕೃಷಿವಿಧಾನವನ್ನು ರೂಪಿಸಿತು. 1990ರ ದಶಕದಲ್ಲಿ ಅದು ಕೇರಳದ ಅಷ್ಟಮುಡಿ ಹಿನ್ನೀರಿಗೆ ಬಂದು, ಮುಂದೆ ಅಲ್ಲಿನ ಬೇರೆ ಹಿನ್ನೀರುಗಳಿಗೂ ಹಬ್ಬಿತು. ಸಣ್ಣ ಕುಟುಂಬಗಳೂ ಮಹಿಳಾ ಸ್ವಸಹಾಯ ಸಂಘಗಳೂ ಅದನ್ನು ಕೈಗೆತ್ತಿಕೊಂಡವು. ವಿಧಾನ ಸರಳ: ಆಳವಿಲ್ಲದ ನೀರಿನಲ್ಲಿ ಗಳುಗಳನ್ನು ನೆಟ್ಟು ಚಪ್ಪರದಂತೆ ಕಟ್ಟಿ, ತೂತು ಕೊರೆದ ಹಳೆಯ ಚಿಪ್ಪುಗಳನ್ನು ಹಗ್ಗಕ್ಕೆ ಪೋಣಿಸಿ ಇಳಿಬಿಡುವುದು. ಮಳೆಗಾಲದ ನಂತರ ಮರಿಗಳು ತಾವಾಗಿ ಬಂದು ಆ ಚಿಪ್ಪುಗಳಿಗೆ ಅಂಟುತ್ತವೆ. ಮುಂದಿನ ಮಳೆಗೆ ಮೊದಲು ಕೊಯ್ಲು. ಮೇವು ಹಾಕುವ ಖರ್ಚಿಲ್ಲ, ಸಿಂಪಿ ನೀರನ್ನೇ ಸೋಸಿ ತಿನ್ನುತ್ತದೆ. ಸೋಸುವ ಗುಣದಿಂದಲೇ ಕೊಳೆಯನ್ನೂ ಒಳಗೆಳೆದುಕೊಳ್ಳುವುದರಿಂದ ಮಾರುವ ಮೊದಲು ಶುದ್ಧ ನೀರಿನಲ್ಲಿಟ್ಟು ತಿಳಿಗೊಳಿಸಬೇಕು. ಸಂಶೋಧನಾಲಯ ಕಂಡುಕೊಂಡ ಈ ಹಗ್ಗದ ಚಿಪ್ಪು, ಕಲ್ಲಿನಲ್ಲಿ ಉಳಿಸಿದ ಕೆಳಚಿಪ್ಪಿನ ಕೆಲಸವನ್ನೇ ಮಾಡುತ್ತದೆ ಎಂಬುದನ್ನು ದೇಸೀ ಜ್ಞಾನದ ಚರ್ಚೆಗಳು ಗಮನಿಸಬೇಕು.

ಅಘನಾಶಿನಿಯಲ್ಲಿ ಇಂಥ ಕೃಷಿ ಸಾಧ್ಯವೇ ಎಂಬುದು ತಾಂತ್ರಿಕವಾಗಿ ಕಷ್ಟದ ಪ್ರಶ್ನೆಯಲ್ಲ. ನೀರು, ಉಪ್ಪು, ಮರಿ ಮೂರೂ ಅಲ್ಲಿವೆ. ಕಷ್ಟವಿರುವುದು ಗಳು ನೆಡುವಲ್ಲಿ. ಗಳು ನೆಟ್ಟ ಜಾಗ ನೆಟ್ಟವರದಾಗುತ್ತದೆ. ಒಂದೇ ದಿಬ್ಬಕ್ಕೆ ಇಂದು ಒಂದು ಕೇರಿಯವರು, ನಾಳೆ ಇನ್ನೊಂದು ಊರಿನವರು ತಿಥಿ ನೋಡಿ ಬರುವ ವಾಡಿಕೆಗೆ ಚಪ್ಪರದ ಸಾಲು ಅಡ್ಡಬರುತ್ತದೆ. ಪರವಾನಗಿ ಕೊಡುವುದಾದರೆ ಗಂಡಸಿನ ಹೆಸರಿಗೋ, ಸಂಘದ ಹೆಸರಿಗೋ, ಬಂಡವಾಳ ಹೂಡುವ ಹೊರಗಿನವರ ಹೆಸರಿಗೋ? ಗಜನಿಗಳಲ್ಲಿ ಸಿಗಡಿಯ ಹೊಂಡಗಳು ಬಂದಾಗ ಉತ್ತರ ಏನಾಯಿತೆಂಬುದು ಆ ಊರುಗಳಿಗೆ ಗೊತ್ತಿದೆ. ಕರಾವಳಿ ನಿಯಂತ್ರಣ ವಲಯದ ಸಿಗಡಿ ಹೊಂಡಗಳನ್ನು ತೆರವುಗೊಳಿಸಲು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಳಿವೆಯೇ ಮೊದಲ ಬಾರಿಗೆ ಒಂದು ಅಂಕಿಯಾಗಿ, ಒಂದು ಗಡಿಯಾಗಿ ಅಂತರರಾಷ್ಟ್ರೀಯ ದಾಖಲೆಯೊಳಗೆ ಬಂದಿತು. ಹಕ್ಕಿ, ಮೀನು, ಕಾಂಡ್ಲಾಗಳ ಪಟ್ಟಿಯನ್ನು ತಯಾರಿಸುವಷ್ಟೇ ಎಚ್ಚರದಿಂದ ಯಾವ ದಿಬ್ಬಕ್ಕೆ ಯಾವ ಊರಿನವರು, ಯಾವ ತಿಂಗಳು, ಯಾವ ದಾರಿಯಿಂದ ಇಳಿಯುತ್ತಾರೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸವನ್ನು ಜಾನಪದ ವಿಭಾಗಗಳು ಈಗಲೇ ಕೈಗೊಳ್ಳಬಹುದು. ದಿಬ್ಬಗಳ ಹೆಸರು ಬಲ್ಲ ತಲೆಮಾರು ಇನ್ನೂ ನೀರಿಗೆ ಇಳಿಯುತ್ತಿದೆ.